ಸಾವಕಾಶ ಓಡಿದ ಕಾರು

ಆ ಬೆಳಿಗ್ಗೆ ಬೇವೂರಿನ ಕಡಲೆ ಹೊಲಗಳ ಮೇಲೆ ಮಂಜು ಹಾಸಿತ್ತು. ಮೂಡಣ ಗಾಳಿ ಚುಚ್ಚುತ್ತಿತ್ತು. ದೇವರೂ ಇನ್ನೂ ಕಂಬಳಿ ಹೊದ್ದಿದ್ದಾನೇನೋ ಎನ್ನುವಂತೆ ಊರು ಸುಮ್ಮನಿತ್ತು.

ಹನಮೇಶನ ಕರೆಂಟಿನ ಕಾರು ಮದುವೆ ಮೆರವಣಿಗೆಯಂತೆ ನಿಧಾನವಾಗಿ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ರಂಜಿತಾ! ಕುಷ್ಟಗಿಯಿಂದ ಯಲಬುರ್ಗಾ ಆಸ್ಪತ್ರೆಗೆ ಹೋಗುವ ನರ್ಸು. ನಗುತ್ತಿದ್ದಳು.

ದಾರಿ ಬದಿ ಕಾರಿಗೆ ಕಾಯುತ್ತಿದ್ದ ರೂಪಾಳ ಎದೆ ಧಗ್ಗೆಂದಿತು.

ದಿನವೂ ಇದೇ ಕಾರಿನಲ್ಲಿ ಅವಳು ಯಲಬುರ್ಗಾದ ಆಫೀಸಿಗೆ ಹೋಗುತ್ತಿದ್ದಳು. ತನ್ನನ್ನು ಮದುವೆಯಾಗುವಿರಾ ಎಂದು ಹನಮೇಶ ಕೇಳಿದ್ದ. ಇವತ್ತು ಹೇಳುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ರಾತ್ರಿಯೇ ಮನಸ್ಸಿನಲ್ಲಿ ಹೂಂ ಅಂದಾಗಿತ್ತು. ಈಗ...

ನಿನ್ನೆ ಸಂಜೆ ನನ್ನನ್ನು ಕರೆತರುವಾಗ ಗಾಳಿಯಂತೆ ಓಡಿಸಿದ. ಬೇಗ ಇಳಿಸಿ ಕೈ ತೊಳೆದುಕೊಳ್ಳುವ ಆತುರವೇ? ಇವಳು ಪಕ್ಕದಲ್ಲಿದ್ದರೆ ದಾರಿಯೇ ಮುಗಿಯಬಾರದೇ?

ಹಿಂದೆ ಕುಳಿತ ರೂಪಾ ಕಿಟಕಿಯಾಚೆ ನೋಡುತ್ತಲೇ ಚುಚ್ಚಿದಳು, "ಇನ್ನೂ ಮೆತ್ತಗ ಹೊಡೀರಿ. ಮುಂದ ಕುಂತವರಿಗೆ ನೋವಾದೀತು."

ರಂಜಿತಾ ಹಿಂತಿರುಗಿದಳು. "ನೀವರ ಹೇಳ್ರಿ ಅಕ್ಕಾರ. ನನಗ ಡ್ಯೂಟಿಗೆ ಹೊತ್ತಾಗೇತಿ. ಕುಷ್ಟಗಿಯಿಂದ ಬೈದು ಬೈದು ಸಾಕಾಗಿ ನಗಾಕ ಹತ್ತೀನಿ."

ಯಲಬುರ್ಗಾದ ಆಸ್ಪತ್ರೆ ಮುಂದೆ ಅವಳು ಇಳಿದು ಓಡಿದಳು. ಕಾರಿನಲ್ಲಿ ಇಬ್ಬರೇ ಉಳಿದರು.

ಹನಮೇಶ ಮೆಲ್ಲಗೆ ಹೇಳಿದ. ರಾತ್ರಿ ಅವನ ಊರಲ್ಲಿ ಕರೆಂಟ್ ಇರಲಿಲ್ಲವಂತೆ, ಚಾರ್ಜು ತಳ ಕಂಡಿತ್ತಂತೆ. ಜೋರು ಓಡಿಸಿ, ಗಕ್ಕನೆ ಬ್ರೇಕ್ ಒತ್ತಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಒಂದೇ ಹದದಲ್ಲಿ ಸಾವಕಾಶ ಹೋದರೆ, ಇಳಿಜಾರಿನಲ್ಲಿ ಎಕ್ಸಿಲೇಟರಿನಿಂದ ಕಾಲು ತೆಗೆದರೆ, ಇದ್ದಷ್ಟು ಚಾರ್ಜಿನಲ್ಲೇ ದೂರ ಬರುತ್ತದೆ.

"ಮತ್ತ ನಿನ್ನಿ ಯಾಕ ಅಷ್ಟು ಜೋರು ಹೊಡದ್ರಿ?"

ಅವನು ತಲೆ ತಗ್ಗಿಸಿದ.

"ದೀಪ ಹಚ್ಚೂ ಹೊತ್ತಿಗೆ ಮನ್ಯಾಗ ಇರಬೇಕು, ಅವ್ವ ದೇವರ ಮುಂದ ನನ್ನ ಕೈಲೇನ ಹಚ್ಚಸ್ತಾಳ ಅಂತ ನೀವ ಒಮ್ಮೆ ಅಂದಿದ್ರಿ. ಸೂರ್ಯ ಇಳ್ಯಾಕ ಹತ್ತಿದ್ದ. ಚಾರ್ಜಿನ ಖಬರ ನನಗ ಎಲ್ಲಿತ್ತು?"

ಎಂದೋ ಆಡಿ ಮರೆತ ಮಾತು ಅದು. ಇವನು ಅದನ್ನು ಪ್ರಸಾದದಂತೆ ಕಾಪಾಡಿಕೊಂಡಿದ್ದನಲ್ಲ! ಶಿವನೇ, ಏನೆಲ್ಲ ಯೋಚಿಸಿಬಿಟ್ಟೆ... ಅವಳ ಕಣ್ಣು ತುಂಬಿತು.

ಅವಳೇ, ಕೊಡಬೇಕಿದ್ದ ಉತ್ತರವನ್ನು ಮೆಲ್ಲಗೆ ಕೊಟ್ಟಳು.

"ಸಂಜಿಗೆ ನಿಮ್ಮ ಅವ್ವಾರನ್ನ ಕರಕೊಂಡು ಮನಿಗೆ ಬರ್ರಿ."

"ಲಗೂನ ಬರ್ಲ್ಯಾ?"

"ಬ್ಯಾಡ... ಸಾವಕಾಶ ಬರ್ರಿ. ನಾ ಎಲ್ಲೂ ಹೋಗಂಗಿಲ್ಲ."