ಮನೆ ಮನೆ ಹೆಸರು ಹಿಡಿದು ಕರೆದವನು

“ಮೈಕ್ ಆಫ್ ಮಾಡ್ರೀ! ಮೊದ್ಲು ಆಫ್ ಮಾಡಿ!”

ನಿಟ್ಟೂರಿನ ರಸ್ತೆಯಲ್ಲಿ ಜೀಪಿಗೆ ಅಡ್ಡ ನಿಂತು ಕಿರುಚಿದಳು ತನುಜಾ. ಅವಳು ಊರಿಗೆ ನರ್ಸಾಗಿ ಬಂದು ಕೆಲವೇ ತಿಂಗಳು.

ಜೀಪಿನಲ್ಲಿದ್ದವನು ಗೌತಮ್. ಪ್ರವಾಸಿಗರನ್ನು ಕೊಡಚಾದ್ರಿಗೆ ಹತ್ತಿಸುವ ಡ್ರೈವರ್. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಶಿಬಿರ ಇದೆ ಎಂದು ಕಿವಿಗೆ ಬಿದ್ದದ್ದೇ ತಡ, ಯಾರೂ ಹೇಳದಿದ್ದರೂ ಮೈಕ್ ಕಟ್ಟಿಕೊಂಡು ಹೊರಟಿದ್ದ, ಪುಣ್ಯಾತ್ಮ!

“ಎಂತಾಯ್ತು ಮೇಡಂ? ಒಂದು ಮನೇನೂ ಬಿಟ್ಟಿಲ್ಲ, ಹೆಸ್ರು ಹಿಡಿದೇ ಕರ್ದಿದೀನಿ!”

“ಅದೇ ರೀ ತಪ್ಪಾಗಿದ್ದು!”

ಮದುವೆಗೆ ಮನೆ ಮನೆಗೂ ಹೋಗಿ ಹೆಸರು ಹಿಡಿದು ಕರೆಯದಿದ್ದರೆ ಈ ಕಡೆಯ ಜನ ಮುನಿಸಿಕೊಳ್ಳುತ್ತಾರೆ. ಇದಕ್ಕೂ ಅದೇ ಮರ್ಯಾದೆ ಎಂದುಕೊಂಡ ಇವನು, “ಸೀತಾರಾಮಪ್ಪನವರ ಮನೆಯವ್ರು, ಮಂಜುಶ್ರೀ ಅತ್ತಿಗೆ, ಗರ್ಭಕೋಶ ತೋರ್ಸಕೆ ಬನ್ನಿ!” ಎಂದು ಊರಿಡೀ ಕೂಗಿದ್ದ. ಸಾಲದ್ದಕ್ಕೆ ತನ್ನ ಅಮ್ಮ ದುರ್ಗಮ್ಮನ ಹೆಸರನ್ನೂ ಸೇರಿಸಿದ್ದ. ಹೆಂಗಸರೆಲ್ಲ ನಾಚಿಕೆಯಿಂದ ಬಾಗಿಲು ಹಾಕಿಕೊಂಡರು.

ಶಿಬಿರಕ್ಕೆ ಒಬ್ಬರೂ ಬರಲಿಲ್ಲ. ದುರ್ಗಮ್ಮನೂ ಬರಲಿಲ್ಲ... ತನುಜಾಳ ಎದೆ ಒಡೆದದ್ದು ಅದಕ್ಕೇ.

ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಹೋಗುತ್ತಿದೆ ಎಂದು ದುರ್ಗಮ್ಮ ಅವಳೊಬ್ಬಳ ಹತ್ತಿರ ಹೇಳಿಕೊಂಡಿದ್ದಳು. “ಗೌತಮಂಗೆ ಗೊತ್ತಾಗ್ಬಾರ್ದು, ಮಾತು ಕೊಡು ಮಗಾ” ಎಂದಿದ್ದಳು. ಎಷ್ಟೋ ಬೇಡಿಕೊಂಡ ಮೇಲೆ ಪರೀಕ್ಷೆಗೆ ಒಪ್ಪಿದ್ದಳು. ಈಗ ಎಲ್ಲ ಹಾಳು!

ಸಂಜೆ ಗೌತಮ್ ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಂತ.

“ತಪ್ಪಾಯ್ತು ಮೇಡಂ.”

“ನಿಮ್ಮಿಂದ ಒಬ್ರ ಜೀವಕ್ಕೇ ಅಪಾಯ ಆಗ್ಬಹುದು, ಗೊತ್ತಾ?”

“ಯಾರಿಗೆ?”

ಹೇಳಿಬಿಡಲಾ?... ಬೇಡ. ಮಾತು ಕೊಟ್ಟಿದ್ದೀನಿ.

“ಹೇಳಲ್ಲ.”

ಅವನು ಒತ್ತಾಯ ಮಾಡಲಿಲ್ಲ. ತಲೆ ಕೆರೆದುಕೊಂಡು ಜೀಪಿನ ಕೀಲಿ ಮೇಜಿನ ಮೇಲಿಟ್ಟ.

“ನನ್ನ ಮುಖ ಕಂಡ್ರೆ ಯಾರೂ ಹತ್ತಲ್ಲ. ನೀವೇ ಓಡ್ಸಿ. ಹೆಂಗಸ್ರಷ್ಟೇ ಹೋಗಿ ಬನ್ನಿ.”

“ಲೈಸೆನ್ಸ್ ಮಾಡ್ಸಿದೀನಿ ಅಷ್ಟೇ. ಸ್ಕೂಟಿ ಬಿಟ್ರೆ ಎಂತದೂ ಓಡ್ಸಿಲ್ಲ!”

“ನಾ ಕಲಿಸ್ತೀನಿ ಮಾರಾಯ್ರೆ...”

ಕಲಿಸಿದ. “ಕ್ಲಚ್ ಬಿಡ್ಬೇಡಿ... ಅಯ್ಯೋ, ಬಿಟ್ರಲ್ಲ!” ಜೀಪು ರಸ್ತೆ ಪಕ್ಕದ ಮಣ್ಣಿನ ಧರೆಗೆ ಮೂತಿ ಗುದ್ದಿದ ದಿನವೂ ಬೈಯಲಿಲ್ಲ, ನಕ್ಕ. ಆ ನಗು ತನುಜಾಳಿಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು!

ಮುಂದಿನ ಶಿಬಿರಕ್ಕೆ ಅವಳೇ ಜೀಪು ಓಡಿಸಿಕೊಂಡು ಮನೆಗಳ ಹತ್ತಿರ ಹೋದಳು. ಕೂಗಿಲ್ಲ, ಗಂಡಸರಿಲ್ಲ. ಮೊದಲು ಮಂಜುಶ್ರೀ ಹತ್ತಿದಳು.

“ನೋವಾಗ್ತದಾ ಸಿಸ್ಟರ್?”

“ಸ್ವಲ್ಪ ಇರುಸುಮುರುಸು ಅಷ್ಟೇ ಅತ್ತಿಗೆ, ಬೇಗ ಮುಗೀತದೆ. ರೋಗ ಬಲಿಯೋ ಮುಂಚೇನೇ ಗೊತ್ತಾದ್ರೆ ಗುಣ ಮಾಡ್ಬಹುದು.”

ನೋಡನೋಡುತ್ತ ಜೀಪು ತುಂಬಿತು. ಕೊನೆಗೆ ತಲೆತುಂಬ ಸೆರಗು ಹೊದ್ದು ದುರ್ಗಮ್ಮ ಬಂದಳು! ಮುಂದಿನ ಸೀಟಿನಲ್ಲಿ ಕೂತು ತನುಜಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಪರೀಕ್ಷೆ ಮಾಡಿದ ಡಾಕ್ಟರ್ ಅವಳನ್ನು ಶಿವಮೊಗ್ಗಕ್ಕೆ ಕಳಿಸಿದರು. ಕ್ಯಾನ್ಸರೇ... ಆದರೆ ಶುರುವಿನದು, ಆಪರೇಷನ್ ಮಾಡಿದರೆ ವಾಸಿಯಾಗುತ್ತದೆ ಎಂದರು ಅಲ್ಲಿ. ಅಂದೇ ದುರ್ಗಮ್ಮ ಮಗನಿಗೆ ಎಲ್ಲ ಹೇಳಿದಳು.

ಆಪರೇಷನ್ ಮುಗಿದು ಅಮ್ಮ ಮನೆ ಸೇರಿದ ಮೇಲೆ ಗೌತಮ್ ತನುಜಾಳನ್ನು ಹುಡುಕಿಕೊಂಡು ಬಂದ. ಕಣ್ಣು ತುಂಬಿತ್ತು.

“ನಂಗೆ ಯಾಕೆ ಹೇಳ್ಲಿಲ್ಲ? ಹೊತ್ಕಂಡಾದ್ರೂ ಬರ್ತಿದ್ದೆ!”

“ಸಿಟ್ಟಾ?”

“ಇತ್ತು. ಅಮ್ಮ ಬೈದ್ಲು.”

“ಎಂತ ಅಂದ್ರು?”

“‘ಹೆತ್ತ ಮಗಂಗೆ ಹೇಳಕ್ಕಾಗ್ದಿದ್ದನ್ನ ಅವಳ ಹತ್ರ ಹೇಳ್ಕಂಡು ಬದುಕ್ದೆ ನಾನು. ನಿನ್ನ ಹೊಟ್ಟೇಲಿರೋದನ್ನೂ ಹೋಗಿ ಹೇಳು’ ಅಂದ್ಲು.”

ತನುಜಾ ಒಂದು ಹೆಜ್ಜೆ ಹತ್ತಿರ ಬಂದಳು.

“ಹಾಗಿದ್ರೆ ಹೇಳಿ ಗೌತಮ್... ನಂಗೆ ಕೇಳ್ಬೇಕು.”

“ನೀವಂದ್ರೆ... ನಂಗೆ ಜೀವ.”

ಅವಳು ಅಳುತ್ತಲೇ ನಕ್ಕಳು. ಅವನ ಕೈ ಹಿಡಿದಳು.

“ಈ ಗುಟ್ಟು ಮಾತ್ರ ನನ್ನ ಹತ್ರ ಉಳಿಯಲ್ಲ. ಬನ್ನಿ, ಮೊದ್ಲು ಅಮ್ಮಂಗೆ ಹೇಳೋಣ.”