ವಾಮದಪದವಿನ ಹೊಳೆಯುವ ಹಗ್ಗ

1962ರ ಆಟಿ ತಿಂಗಳ, ಜಡಿಮಳೆಗಾಲದ ಒಂದು ಬೆಳಗ್ಗೆ ವಾಮದಪದವಿನ ಗುಡ್ಡದ ಗಣಿಯಲ್ಲಿ ಟ್ರಾಲಿ ಎಳೆಯುವ ಉಕ್ಕಿನ ಹಗ್ಗ ತುಂಡಾಯಿತು. ಕಲ್ಲು ತುಂಬಿದ ಟ್ರಾಲಿ ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಅದರ ಮೇಲೆ ನಿಂತಿದ್ದ ಸಂಕಪ್ಪ ಸತ್ತುಹೋದ. ಮಧ್ಯಾಹ್ನದೊಳಗೆ ಪೊಲೀಸರು ಆ ಹಗ್ಗ ಸುತ್ತುವ ಯಂತ್ರ, ವಿಂಚ್ ನಡೆಸುವ ಲೋಕಯ್ಯನನ್ನು ಹಿಡಿದು ಅಲ್ಲೇ ಕೂರಿಸಿದರು. ಈಚೆಗೆ ಅವನಿಗೂ ಸಂಕಪ್ಪನಿಗೂ ಜೋರು ಜಗಳವಾಗಿತ್ತು; ವಿಂಚಿನ ಕೊಟ್ಟಿಗೆಯಲ್ಲಿ ಕಬ್ಬಿಣ ಕೊಯ್ಯುವ ಗರಗಸವೂ ಸಿಕ್ಕಿತ್ತು.

ಲೋಕಯ್ಯ ಬೇರೆ ಯಾರೂ ಅಲ್ಲ, ಸುಧಾಕರನ ತಂಗಿ ಪ್ರೇಮಾವತಿಯ ಗಂಡ. ಬಾಡಿಗೆ ಕಾರು ಓಡಿಸುವ ಸುಧಾಕರ ಎದ್ದೆನೋ ಬಿದ್ದೆನೋ ಎಂದು ಪಾಣೆಮಂಗಳೂರಿಗೆ, ಮಹೇಶ್ವರ ಭಟ್ಟರ ಮನೆಗೆ ಬಂದ. ಕಳವಾಗಲಿ ಕೊಲೆಯಾಗಲಿ, ಭಟ್ಟರು ಪತ್ತೆಗೆ ಹೊರಟರೆ ಕಾರೂ ಜತೆಯೂ ಇವನದೇ.

"ಭಟ್ರೇ, ಸಂಜೆಗೆ ಭಾವನನ್ನು ಮಂಗಳೂರಿಗೆ ಕೊಂಡುಹೋಗ್ತಾರಂತೆ. ಕೊಲೆ ಕೇಸಂತೆ!"

"ಮೊದಲು ನೀರು ಕುಡಿ ಮಾರಾಯ. ಹೋಗುವ."

ದಾರಿಯುದ್ದಕ್ಕೂ ಸುಧಾಕರ ವೇಗ ಇಳಿಸಲಿಲ್ಲ. ಒಂದು ತಿರುವಿನಲ್ಲಿ ಕಾರು ಚರಂಡಿಯ ಅಂಚಿಗೇ ಹೋದಾಗ ಭಟ್ಟರು, "ಭಾವನನ್ನು ಬಿಡಿಸಲಿಕ್ಕೆ ನಾವು ಜೀವಂತ ಮುಟ್ಟಬೇಕಲ್ಲ?" ಎಂದರು.

ಗಣಿಯ ಮ್ಯಾನೇಜರ್ ಗಜಾನನ ರಾಯರು ಅವರನ್ನು ವಿಂಚಿನ ಕೊಟ್ಟಿಗೆಗೆ ಕರೆದೊಯ್ದರು. "ಈ ರೋಪಿಗೆ ಲೋಕಯ್ಯನ ಕೈಯಲ್ಲದೆ ಬೇರೆ ಕೈ ತಾಗಿದ್ದೇ ಇಲ್ಲ. ನೋಡಿ, ಗ್ರೀಸು ಹೇಗೆ ಹೊಳೀತಾ ಉಂಟು! ಯಾರೂ ಕೊಯ್ಯದೆ ತುಂಡಾಗ್ತದಾ?"

ಭಟ್ಟರು ತುಂಡಾದ ತುದಿಯ ಎಳೆಗಳನ್ನು ಬಿಡಿಸಿದರು. ನಡುವಿನ ನಾರು ಒಣಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಎಳೆಗಳ ಸಂದಿಯಲ್ಲಿ, ಗ್ರೀಸಿನ ಅಡಿಯಲ್ಲಿ ಕೆಂಪು. ಅದನ್ನು ಬಿಳಿ ಕರವಸ್ತ್ರಕ್ಕೆ ಉಜ್ಜಿ ಲೋಕಯ್ಯನಿಗೆ ತೋರಿಸಿದರು.

"ಇದು ಎಂತ?"

ಲೋಕಯ್ಯ ಕರವಸ್ತ್ರವನ್ನು ನೋಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಸಂಕಪ್ಪನ ಹೆಂಡತಿ ನೀಲಾವತಿಯನ್ನು ನೋಡಿದ. "ನನಗೆ ಹೇಳಲಿಕ್ಕೆ ಎಂತದೂ ಇಲ್ಲ."

"ಹೇಗೆ ಹೇಳ್ತಾನೆ? ನನ್ನ ಗಂಡನನ್ನು ತಿಂದವ ಅವನೇ!" ಎಂದು ನೀಲಾವತಿ ಚೀರಿದಳು.

ಸುಧಾಕರ ಭಾವನನ್ನೇ ದಿಟ್ಟಿಸಿದ. ತಪ್ಪು ಮಾಡದವನು ಬಾಯಿ ಬಿಡಬಾರದೇ? ಅಂದರೆ ಭಾವನೇ?

ಭಟ್ಟರು ಇನ್‌ಸ್ಪೆಕ್ಟರರನ್ನೂ ಕರೆಸಿ ಎಲ್ಲರನ್ನೂ ಅಲ್ಲೇ ಕೂರಿಸಿದರು. "ನೀಲಾವತೀ, ನೀನು ಸ್ವಲ್ಪ ಹೊರಗೆ ಹೋಗ್ತೀಯಾ ಮಗಾ?"

"ಇಲ್ಲ. ನನಗೆ ಗೊತ್ತಾಗ್ಬೇಕು."

ಭಟ್ಟರು ಹಗ್ಗದ ತುದಿ ಎತ್ತಿ ಹಿಡಿದರು. "ಗರಗಸದಲ್ಲಿ ಕೊಯ್ದ ತಂತಿಯ ತುದಿ ಚಪ್ಪಟೆಯಾಗಿ ಹೊಳೆಯಬೇಕು. ಇವು ತುಕ್ಕು ತಿಂದು ಸೂಜಿಯಂತೆ ಸಪೂರವಾಗಿವೆ. ಇದನ್ನು ಯಾರೂ ಕೊಯ್ದಿಲ್ಲ. ಎಣ್ಣೆ ಕುಡಿದ ನಾರು ನಡುವಿನಲ್ಲಿದ್ದು ತಂತಿಗಳನ್ನು ಒಳಗಿಂದ ಕಾಯುತ್ತದೆ. ಇಲ್ಲಿ ಆ ಎಣ್ಣೆಯೇ ಇಲ್ಲ. ಇನ್ನು ಕೆಂಪು. ತುಕ್ಕಿನ ಜತೆಗೆ ಕುಂಕುಮವೂ ಉಂಟು. ಕಳೆದ ನವರಾತ್ರಿಯ ಆಯುಧ ಪೂಜೆಯ ಕುಂಕುಮ ಹಳೆಯ ಗ್ರೀಸಿನ ಮೇಲಿರಬೇಕಿತ್ತು, ಇಲ್ಲಿ ಅಡಿಯಲ್ಲಿ ಬರಿ ತಂತಿಗೇ ಅಂಟಿಕೊಂಡು ಉಂಟು. ಅಂದರೆ ಪೂಜೆಗೆ ಮೊದಲು ಯಾರೋ ಈ ಹಗ್ಗವನ್ನು ತಿಕ್ಕಿ ತೊಳೆದಿದ್ದಾರೆ. ರಾಯರೇ, ಯಾರು?"

"ಸಂಕಪ್ಪ ಮತ್ತು ಇವಳು! ಹುಣಸೆಹುಳಿ ಹಾಕಿ ತಿಕ್ಕಿದರೆ ನಾನೆಂತ ಮಾಡ್ಲಿ?"

"ಹುಳಿಯ ಸುದ್ದಿ ನಾನು ಎತ್ತಲೇ ಇಲ್ಲವಲ್ಲ. ಬೇರೆ ಕೈ ತಾಗಿಲ್ಲ ಎಂದವರೂ ನೀವೇ."

ನೀಲಾವತಿ ಎದ್ದು ನಿಂತಳು. "ಧಣಿಗಳು ಪೂಜೆಗೆ ಬರ್ತಾರೆ, ರೋಪು ದೀಪದ ಕಂಬದ ಹಾಗೆ ಬೆಳಗಬೇಕು ಅಂತ ಹೇಳಿದ್ದು ಇವರೇ. ಮನೆಯ ಹುಳಿ ತಂದು ನಾವಿಬ್ಬರೂ ತಿಕ್ಕಿದೆವು."

ಆಗ ಲೋಕಯ್ಯ ಬಾಯಿ ಬಿಟ್ಟ. "ಹುಳಿ ಒಳಗೆ ಇಳಿದಿದೆ, ತುಕ್ಕು ಹಿಡಿತದೆ, ಬೇರೆ ರೋಪು ಹಾಕುವ ಅಂದೆ. ಅದಾಗದಿದ್ದರೆ ಬಿಚ್ಚಿ ಬಿಸಿ ಎಣ್ಣೆಯಾದರೂ ಕುಡಿಸುವ ಅಂದೆ. ಕೆಲಸ ನಿಲ್ತದೆ ಅಂತ ರಾಯರು ಮೇಲಿಂದ ಗ್ರೀಸು ಬಳಿಸಿದರು. ಟ್ರಾಲಿ ಮೇಲೆ ನಿಲ್ಲಬೇಡ ಅಂದದ್ದಕ್ಕೇ ಸಂಕಪ್ಪನಿಗೂ ನನಗೂ ಜಗಳ."

"ಹೊಳಪು ತೋರಿಸಿ ಸತ್ಯ ಮುಚ್ಚಿದಿರಿ, ರಾಯರೇ," ಎಂದರು ಭಟ್ಟರು. ಇನ್‌ಸ್ಪೆಕ್ಟರು ರಾಯರನ್ನು ಜೀಪಿಗೆ ಹತ್ತಿಸಿದರು.

ನೀಲಾವತಿ ತನ್ನ ಅಂಗೈಗಳನ್ನೇ ನೋಡುತ್ತಿದ್ದಳು. "ಅಷ್ಟು ಬೈದೆನಲ್ಲ ಅಣ್ಣಾ, ಆಗಲಾದರೂ ಹೇಳಬಾರದಿತ್ತಾ?"

"ಗಂಡ ಹೋದ ದಿನವೇ ಇದನ್ನೂ ಹೇಳುವುದು ಹೇಗೆ?" ಎಂದ ಲೋಕಯ್ಯ. "ನಿನಗೆ ಗೊತ್ತಾಗುವುದು ಬೇಡ ಅಂತಿತ್ತು."

ಸುಧಾಕರನಿಗೆ ಭಾವನ ಮುಖ ನೋಡಲು ನಾಚಿಕೆಯಾಯಿತು. ಹೋಗಿ ಅವನಿಗಾಗಿ ಕಾರಿನ ಮುಂದಿನ ಬಾಗಿಲು ತೆರೆದು ನಿಂತ. ಯಾವಾಗಲೂ ಅಲ್ಲೇ ಕೂರುವ ಭಟ್ಟರು ಹಿಂದೆ ಹತ್ತಿ, ನೀಲಾವತಿಗೆ ಪಕ್ಕದಲ್ಲಿ ಜಾಗ ಬಿಟ್ಟರು.