ಮಂಗಳವಾರದ ತೂಕ

"ಇಲ್ಲಿ... ಮನುಷ್ಯರನ್ನೂ ತೂಗ್ತೀರಾ ಅಣ್ಣಾ?"

ಹುಣಸೆಹಣ್ಣಿನ ಮೂಟೆಗಳ ನಡುವೆ ಕೂತು ತೂಕದ ಚೀಟಿ ಬರೆಯುತ್ತಿದ್ದ ಪೆರುಮಾಳ್ ತಲೆ ಎತ್ತಿದ. ಮಂಡಿಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ದಪ್ಪ ಎಂದರೆ ದಪ್ಪ. ಸೆರಗನ್ನು ಎರಡು ಸುತ್ತು ಹೊದ್ದು, ಅದರೊಳಗೇ ಎಲ್ಲಾದರೂ ಅಡಗಿಕೊಳ್ಳಲು ಜಾಗ ಸಿಗುತ್ತದೇನೋ ಎಂಬಂತೆ ಮುದುಡಿಕೊಂಡಿದ್ದಳು.

ಮೂಟೆ ಹೊರುವವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ, "ಪೆರುಮಾಳೂ, ಇವತ್ತು ಕಾಟಾ ಮುರ್ದೋತು ಕಣ್ಲಾ!" ಎಂದ.

ಅವಳ ಮುಖ ಕೆಂಪಾಯಿತು. ತಿರುಗಿ ಹೊರಟೇಬಿಟ್ಟಳು!

"ನಿಂತ್ಕೊಳ್ಳಿ ಅಮ್ಮಾ!" ಪೆರುಮಾಳ್ ಎದ್ದು ನಿಂತ. ನಕ್ಕವರ ಕಡೆ ತಿರುಗಿ, "ಓಗ್ರಲಾ, ಟೀ ಕುಡ್ಕೊಂಡು ಬನ್ನಿ. ನಾನು ಕರೆಯೋಗಂಟ ಒಳಕ್ಕೆ ಬರ್ಬೇಡಿ" ಎಂದ. ಅವನ ದನಿಯಲ್ಲಿ ಏನಿತ್ತೋ, ಅವರು ಎರಡನೇ ಮಾತಾಡದೆ ಹೊರಟರು.

"ಈ ಹಲಗೆ ಅತ್ತಿ ನಿಂತ್ಕೊಳ್ಳಿ ಅಮ್ಮಾ."

"ಎಷ್ಟು ಅಂತ ಜೋರಾಗಿ ಏಳ್ಬೇಡಿ ಅಣ್ಣಾ... ಚೀಟೀಲಿ ಬರ್ಕೊಡಿ, ಸಾಕು."

ಕಾಟಾದ ಹಲಗೆ ಹತ್ತಿ ಅವಳು ಕಣ್ಣು ಮುಚ್ಚಿಕೊಂಡಳು. ಪೆರುಮಾಳ್ ಅವಳ ಬೆನ್ನ ಹಿಂದೆ ನಿಂತು ಕಬ್ಬಿಣದ ಗುಂಡನ್ನು ಮೆಲ್ಲಗೆ ಸರಿಸಿದ. ನೂರ ನಾಲ್ಕು. ಚೀಟಿಯಲ್ಲಿ ಬರೆದದ್ದು ಮಾತ್ರ ನೂರ ಮೂರು.

"ಒಂದು ಕೆಜಿ ಕಳ್ದಿದೀನಿ ಅಮ್ಮಾ. ನಮ್ ಮಂಡೀಲಿ ಅದೇ ಪದ್ಧತಿ. ಮೂಟೆ ಅಂದ್ರೆ ಗೋಣಿಗೆ ಒಂದು ಕೆಜಿ ಬಿಡ್ತೀವಿ..." ಎಂದವನು ನಾಲಿಗೆ ಕಚ್ಚಿಕೊಂಡ. "ಐಯ್ಯಯ್ಯೋ! ಮೂಟೆ ಅಂದಿದ್ದು ನಿಮ್ಮನ್ನಲ್ಲ! ಸೀರೆಗೆ... ಬಳೆಗೆ... ಅದಕ್ಕೆ ಕಳೆದಿದ್ದು!"

ಅವಳಿಗೆ ಕೋಪ ಬರಬೇಕಿತ್ತು. ಆದರೆ ಬೆವೆತು ತೊದಲುತ್ತಿದ್ದ ಅವನನ್ನು ನೋಡಿ ನಗು ಬಂದುಬಿಟ್ಟಿತು. ಎಷ್ಟೋ ತಿಂಗಳ ಮೇಲೆ ಬಂದ ನಗು.

"ಮುಂದಿನ ಮಂಗಳವಾರಾನೂ ಬತ್ತೀನಿ," ಎಂದಳು.

ಗಂಗರತ್ನಳಿಗೆ ಆಗ ಇಪ್ಪತ್ತೇಳು ವರ್ಷ. ಬಂಗಾರಪೇಟೆಗೆ ಎರಡು ಮೈಲಿ ದೂರದ ಹಳ್ಳಿ. ತಾಯಿಯಿಲ್ಲದ ಮನೆ, ನಾಲ್ಕು ಸೀಮೆ ಹಸು, ಅಪ್ಪ ಅಶ್ವತ್ಥಪ್ಪ. ಅವಳನ್ನು ನೋಡಲು ಬಂದ ಗಂಡುಗಳು ಏಳು. ಏಳು ಮನೆಯವರೂ ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಊರಿಗೆ ಹೋಗಿ ತಿಳಿಸುತ್ತೇವೆ ಎಂದರು. ತಿಳಿಸಿದವರು ಯಾರೂ ಇಲ್ಲ. ಕೊನೆಯವನ ತಾಯಿಯಂತೂ, "ಇವಳಿಗಿಕ್ಕೋ ಅನ್ನದಾಗೆ ಇಬ್ರು ಸೊಸೇರ್ನ ಸಾಕ್ಬೌದು" ಎಂದು ಅಂಗಳದಲ್ಲೇ ನಿಂತು ಹೇಳಿ ಹೋದಳು.

ಆ ಸಂಜೆ ಅಪ್ಪ ಹಾಲು ಕರೆಯುತ್ತ, ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಅತ್ತಿದ್ದನ್ನು ಗಂಗರತ್ನ ನೋಡಿದಳು. ಅವಳು ಬೆಂಗಳೂರಿನ ಡಾಕ್ಟರ ಹತ್ತಿರ ಹೋಗಲು ಒಪ್ಪಿದ್ದು ಅದಕ್ಕೆ.

ಅಮೆರಿಕದಲ್ಲಿ ಓದಿ ಬಂದ ಡಾಕ್ಟರು. ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ಒಂದು ಬಲೂನು ಇಟ್ಟು, ಅಲ್ಲೇ ಗಾಳಿ ತುಂಬಿದರು. ಅರ್ಧ ಹೊಟ್ಟೆ ಯಾವಾಗಲೂ ತುಂಬಿದಂತಿರುತ್ತದೆ, ಹಸಿವು ಕಡಿಮೆಯಾಗುತ್ತದೆ ಎಂದರು.

"ನಾಲ್ಕು ತಿಂಗಳಾದ ಮೇಲೆ ತೆಗೀತೀನಿ. ವಾರವಾರ ತೂಕ ನೋಡಿ ನನಗೆ ಕಾರ್ಡು ಬರೀಬೇಕು. ಇದೊಂದು ಮರೀಬೇಡಮ್ಮ... ತೂಕ ಮತ್ತೆ ಏರಿದರೆ ಬಲೂನಿನ ಗಾಳಿ ಹೋಗಿದೆ ಅಂತ ಅರ್ಥ. ಅವತ್ತೇ ಬರಬೇಕು. ಅದು ಜಾರಿ ಕರುಳಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ."

ಬಲೂನಿನ ವಿಷಯ ಯಾರಿಗೂ ಹೇಳಕೂಡದು ಎಂದು ಅಪ್ಪ ಆಣೆ ಹಾಕಿಸಿದ. ಹೊಟ್ಟೆಯಲ್ಲಿ ಬಲೂನಿಟ್ಟುಕೊಂಡ ಹುಡುಗಿ ಎಂದು ಗೊತ್ತಾದರೆ ಎಂಟನೇ ಗಂಡು ಬಾಗಿಲಿಗೂ ಬರುವುದಿಲ್ಲ!

ಇನ್ನು ತೂಕ ನೋಡುವುದೆಲ್ಲಿ? ರೈಲ್ವೆ ಸ್ಟೇಷನ್ನಿನಲ್ಲಿ ನಾಣ್ಯ ಹಾಕುವ ಮಷೀನಿತ್ತು, ನಿಜ. ಅದರ ಮೇಲೆ ಹಿಂದೊಮ್ಮೆ ಹತ್ತಿದಾಗ ಪ್ಲಾಟ್‌ಫಾರಂ ಪೂರ್ತಿ ಅವಳ ಸುತ್ತ ಸೇರಿತ್ತು. ಹಾಗೆ ಅವಳು ಮಧ್ಯಾಹ್ನದ ಹೊತ್ತು ಹುಣಸೆ ಮಂಡಿಯ ಬಾಗಿಲಿಗೆ ಬಂದಳು. ೧೯೮೭ರ ಫೆಬ್ರವರಿ ತಿಂಗಳು, ಊರೆಲ್ಲ ಹೊಸ ಹುಣಸೆಯ ವಾಸನೆ.

ಎರಡನೇ ವಾರ ನೂರ ಒಂದು. ಮೂರನೇ ವಾರ ನೂರು.

ಮೂರನೇ ವಾರ ಅವಳು 'ಅಣ್ಣಾ' ಎನ್ನುವುದನ್ನು ಬಿಟ್ಟಳು. ಪೆರುಮಾಳ್ ಅದನ್ನು ಗಮನಿಸಿದ. ಗಮನಿಸಲಿಲ್ಲ ಎಂಬಂತೆ ಗುಂಡು ಸರಿಸಿದ, ಅಷ್ಟೇ.

ಅವನಿಗೆ ಮೂವತ್ತು. ಚಿನ್ನದ ಗಣಿಯ ಊರಿನಲ್ಲಿ, ಮೈಸೂರು ಮೈನ್ಸಿನ ಲೈನು ಮನೆಗಳಲ್ಲಿ ಹುಟ್ಟಿದವನು. ಅಪ್ಪನ ಹಾಗೆ ಗಣಿಗೆ ಇಳಿಯಲು ಮನಸ್ಸಾಗದೆ, ದಿನಾ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬಂದು ಮೂಟೆ ತೂಗುತ್ತಿದ್ದ. ಮನೆಯಲ್ಲಿ ತಮಿಳು, ಮಂಡಿಯಲ್ಲಿ ಕನ್ನಡ, ರೈತರ ಹತ್ತಿರ ತೆಲುಗು. ಗಂಗರತ್ನಳ ಮುಂದೆ ಮಾತ್ರ ಮೂರೂ ಮರೆತುಹೋಗುತ್ತಿದ್ದವು.

"ಯಾವ ಕಾಯಿಲೆಗೆ ಈ ತೂಕ ಗೀಕ ಎಲ್ಲಾ?" ಎಂದು ಒಂದು ದಿನ ಕೇಳಿದ.

"ಕಾಯಿಲೆ ಏನಿಲ್ಲ. ಡಾಕ್ಟ್ರು ಮಾತ್ರೆ ಕೊಟ್ಟವ್ರೆ," ಎಂದಳು. ಹೇಳಿಬಿಡಲೇ? ಬಾಯಿತನಕ ಬಂದದ್ದನ್ನು ನುಂಗಿಕೊಂಡಳು. ಇವರೂ ನಕ್ಕರೆ?

"ಇಳಿದ್ರೆ ಏನಾಯ್ತದೆ?"

"ನಮ್ಮಪ್ಪ ಅಳೋದು ನಿಲ್ತದೆ."

"ಅದು ಅಪ್ಪಂಗಾಯ್ತು. ನಿಮಗೆ?"

ಗಂಗರತ್ನ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ.

ಐದನೇ ವಾರ ತೊಂಬತ್ತೆಂಟು.

ಆರನೇ ಮಂಗಳವಾರ ಅವಳು ತಲೆ ತುಂಬ ಕನಕಾಂಬರ ಮುಡಿದು ಬಂದಳು. ಹಲಗೆ ಹತ್ತುವ ಮುಂಚೆ, "ಇವತ್ತು ಇಳ್ದಿದ್ರೆ ನಿಮಗೊಂದು ಮಾತು ಏಳ್ತೀನಿ," ಎಂದು ಕಣ್ಣು ಮುಚ್ಚಿಕೊಂಡಳು. ತುಟಿಯ ಮೇಲೆ ನಗು ಹಾಗೇ ನಿಂತಿತ್ತು.

ಪೆರುಮಾಳ್ ಗುಂಡು ಸರಿಸಿದ. ಕಡ್ಡಿ ಮಟ್ಟಕ್ಕೆ ಬರಲಿಲ್ಲ. ಇನ್ನಷ್ಟು ಸರಿಸಿದ. ನೂರು! ಸೀರೆ ಬಳೆ ಕಳೆದರೂ ತೊಂಬತ್ತೊಂಬತ್ತು. ಹೋದ ವಾರಕ್ಕಿಂತ ಒಂದು ಕೆಜಿ ಹೆಚ್ಚು.

ಅವಳ ಮುಚ್ಚಿದ ಕಣ್ಣು ನೋಡಿದ. 'ಒಂದು ಕೆಜಿ ತಾನೆ... ಮುಂದಿನ ವಾರ ತಾನಾಗೇ ಇಳೀತದೆ. ಮಳೆ ಬಂದ್ರೆ ಹುಣಸೇನೂ ಒಂದು ಕೆಜಿ ಏರಲ್ವಾ?'

ಚೀಟಿಯಲ್ಲಿ ತೊಂಬತ್ತೇಳು ಎಂದು ಬರೆದ.

ಅಯ್ಯೋ ಪುಣ್ಯಾತ್ಮ! ಪ್ರೀತಿ ಬಂದವನ ಕೈಗೆ ಪೆನ್ನು ಕೊಡಬಾರದು.

"ಏನು ಮಾತು?" ಎಂದ ಪೆರುಮಾಳ್.

ಅವಳು ಚೀಟಿಯನ್ನು ಎದೆಗೆ ಒತ್ತಿಕೊಂಡಳು. "ಏನಿಲ್ಲ... ಮಂಗಳವಾರ ಬಂದ್ರೆ ನಂಗೆ ಅಬ್ಬ ಬಂದಂಗಾಯ್ತದೆ," ಎಂದು ಹೇಳಿ, ಅವನ ಮುಖ ನೋಡಲಾಗದೆ ಸರಸರ ಹೊರಟುಹೋದಳು.

ಮುಂದಿನ ವಾರ ತೂಕ ಇಳಿಯಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಒಮ್ಮೆ ಬರೆದ ಸುಳ್ಳನ್ನು ಏರಿಸುವುದು ಹೇಗೆ? ತೊಂಬತ್ತಾರು, ತೊಂಬತ್ತೈದು, ತೊಂಬತ್ತನಾಲ್ಕು. ಅವಳು ಆ ಅಂಕಿಗಳನ್ನು ಹಾಗೇ ಕಾರ್ಡಿಗೆ ಬರೆದು ಹಾಕಿದಳು. ಬೆಂಗಳೂರಿನ ಡಾಕ್ಟರು 'ತುಂಬಾ ಸಂತೋಷ' ಎಂದು ಉತ್ತರ ಬರೆದರು.

ಒಂಬತ್ತನೇ ವಾರ ಅವಳು ನೆಲಕ್ಕೆ ಬಿದ್ದು ಹೊರಳಾಡಿದಳು. ಹಸಿರು ಹಸಿರಾಗಿ ವಾಂತಿ. ಟ್ಯಾಕ್ಸಿಯಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ಅರ್ಧ ಜೀವ. ಗಾಳಿ ಹೋದ ಬಲೂನು ಕರುಳಿನಲ್ಲಿ ಸಿಕ್ಕಿಕೊಂಡಿತ್ತು.

ಆಸ್ಪತ್ರೆಯ ತೂಕದಲ್ಲಿ ನೂರ ಮೂರು!

"ಈ ತೊಂಬತ್ತನಾಲ್ಕು ಯಾರು ಬರೆದಿದ್ದು?" ಡಾಕ್ಟರು ಕೂಗಿದರು. "ಏರಿದೆ ಅಂತ ಒಂದೇ ಒಂದು ಕಾರ್ಡು ಬಂದಿದ್ದರೆ ಹತ್ತು ನಿಮಿಷದಲ್ಲಿ ತೆಗೀತಿದ್ದೆನಲ್ಲಮ್ಮಾ!"

ಆಪರೇಷನ್ ಆಯಿತು. ಗೇಣುದ್ದ ಬಿಟ್ಟು ಉಳಿದ ಸಣ್ಣ ಕರುಳೆಲ್ಲ ಕೊಳೆತಿತ್ತು, ಕತ್ತರಿಸಿ ತೆಗೆದರು.

ಎಚ್ಚರವಾದಾಗ ಗಂಗರತ್ನಳಿಗೆ ಹೊಟ್ಟೆಯ ಗಾಯಕ್ಕಿಂತ ಆ ಅಂಕಿಗಳೇ ನೋಯಿಸಿದವು. ಆಟ ಆಡಿದರು! ನನ್ನ ಕಳಿಸಿ, ಮೂಟೆ ಹೊರುವವರ ಜೊತೆ ಕೂತು ನಕ್ಕಿರಬೇಕು. ಏಳು ಮನೆಯವರು ಎದುರಿಗೇ ನಕ್ಕರು. ಇವರು ಬೆನ್ನ ಹಿಂದೆ...

ಹತ್ತನೇ ಮಂಗಳವಾರ ಪೆರುಮಾಳ್ ಮಧ್ಯಾಹ್ನಕ್ಕೇ ಎಲ್ಲರನ್ನೂ ಟೀಗೆ ಕಳಿಸಿ ಕಾದು ಕೂತಿದ್ದ. ಬಂದದ್ದು ಅವಳ ಅಪ್ಪ ಅಶ್ವತ್ಥಪ್ಪ. ಒಂಬತ್ತು ಚೀಟಿಗಳನ್ನು ಮುಂದೆ ಹಿಡಿದ.

"ಇದು ನಿನ್ ಬರವಣಿಗೇನಾ?"

ಪ್ರೀತಿಯ ವಿಷಯ ತಿಳಿದು ಹೊಡೆಯಲು ಬಂದಿದ್ದಾರೆ ಎಂದುಕೊಂಡ ಪೆರುಮಾಳ್. "ಔದು ಯಜಮಾನ್ರೇ. ನಾನು ನಿಮ್ಮ ಮಗಳನ್ನ..."

"ನನ್ ಮಗಳ ಒಟ್ಟೇಲಿ ಬಲೂನಿತ್ತು ಕಣಯ್ಯಾ!" ಮುದುಕನ ದನಿ ಒಡೆಯಿತು. "ತೂಕ ಏರಿದ್ರೆ ಅದು ಒಡ್ದೋಗೈತೆ ಅಂತ. ಅದಕ್ಕೇ ಅವಳು ನಿನ್ತವ ಬತ್ತಿದ್ದಿದ್ದು. ಏನಕ್ಕೆ ಸುಳ್ಳು ಬರ್ದೆ? ಏನಕ್ಕೆ?"

ಪೆರುಮಾಳ್ ಬಾಯಿ ತೆರೆದ. ಮೂರು ಭಾಷೆಯಲ್ಲಿ ಒಂದರಲ್ಲೂ ಒಂದು ಮಾತು ಹೊರಡಲಿಲ್ಲ.

ಎರಡು ತಿಂಗಳ ಮೇಲೆ ಡಾಕ್ಟರು ಅವಳನ್ನು ಮನೆಗೆ ಕಳಿಸಿದರು. ಉಳಿದ ಗೇಣು ಕರುಳಿನಲ್ಲಿ ಉಂಡದ್ದು ನಿಲ್ಲುತ್ತಿರಲಿಲ್ಲ. "ನಮ್ಮ ಕೈಯಲ್ಲಿ ಇನ್ನೇನೂ ಇಲ್ಲ. ಆಸೆಪಟ್ಟಿದ್ದು ಕೊಡಿ," ಎಂದರು. ಅವಳು ದಿನದಿನಕ್ಕೂ ಕರಗಿದಳು. ಬಳೆಗಳು ಮೊಣಕೈ ದಾಟಿ ಮೇಲೆ ಹೋಗುವಂತಾದವು.

ಪ್ರತಿ ಮಂಗಳವಾರ ಪೆರುಮಾಳ್ ನಡೆದು ಬಂದು ದನದ ಕೊಟ್ಟಿಗೆಯ ಮುಂದೆ ನಿಲ್ಲುತ್ತಿದ್ದ. ಮೊದಲ ವಾರ ಅಶ್ವತ್ಥಪ್ಪ ದೊಣ್ಣೆ ಎತ್ತಿದ. ಎರಡನೇ ವಾರ ಬೈದ. ಆಮೇಲೆ ಬೈಯುವುದನ್ನೂ ಬಿಟ್ಟ. ಐದನೇ ವಾರ ತಾನೇ ಹೊರಗೆ ಬಂದು, "ಒಳಕ್ಕೋಗು. ಅವಳೇ ಕರೀತಾವ್ಳೆ," ಎಂದು ಮುಖ ತಿರುಗಿಸಿಕೊಂಡ.

ಮಂಚದ ಮೇಲಿದ್ದವಳ ಗುರುತು ಸಿಗಲು ಅವನಿಗೆ ಒಂದು ಕ್ಷಣ ಬೇಕಾಯಿತು. ಕಣ್ಣು ಮಾತ್ರ ಅವೇ.

"ನಗೋಕೆ ಬರೆದ್ರಾ?" ಎಂದಳು.

ಅವನು ನೆಲದ ಮೇಲೆ ಕುಸಿದು ಕೂತ. "ಇಲ್ಲ ರತ್ನಾ... ನಮ್ಮಮ್ಮನ ಮೇಲಾಣೆ ಇಲ್ಲ. ಅವತ್ತು ನೀನು ಊವು ಮುಡ್ಕೊಂಡು ಬಂದಿದ್ದೆ. ನಿನ್ನ ಮುಖ ಬಾಡೋದು ನೋಡೋಕಾಗ್ಲಿಲ್ಲ. ಅಷ್ಟೇ... ಅಷ್ಟಕ್ಕೇ ನಿನ್ನ ಕೊಂದ್ಬಿಟ್ಟೆ..." ಎಂದು ಬಿಕ್ಕಿ ಬಿಕ್ಕಿ ಅತ್ತ.

ಗಂಗರತ್ನ ಬತ್ತಿದ ಕೈ ಚಾಚಿ ಅವನ ತಲೆ ಮುಟ್ಟಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಂಗೊತ್ತಿತ್ತು."

"ಏನು?"

"ಅಸಿವು ವಾಪಸ್ ಬಂದಿತ್ತು. ರವಿಕೆ ಬಿಗಿ ಆಗಿತ್ತು. ಚೀಟೀಲಿ ಇಳೀತೈತೆ, ಮೈ ಏರ್ತೈತೆ... ಅಷ್ಟೂ ಗೊತ್ತಾಗ್ದಿರೋಕೆ ನಾನೇನು ದಡ್ಡೀನಾ? ಆದ್ರೆ ಡಾಕ್ಟ್ರತ್ರ ಓದ್ರೆ ಬಲೂನು ತೆಗೀತಾರೆ. ತೂಕ ನೋಡೋ ಕೆಲ್ಸ ಮುಗೀತದೆ. ಆಮೇಲೆ ಏನಂತ ನೆಪ ಏಳಿ ಮಂಡಿಗೆ ಬರ್ಲಿ? ಇನ್ನೊಂದು ಮಂಗಳವಾರ... ಇನ್ನೊಂದೇ ಒಂದು ಅಂತ..."

ಅವಳ ಕಣ್ಣಂಚಿನಿಂದ ನೀರು ಕಿವಿಯತ್ತ ಹರಿಯಿತು. ಆಸ್ಪತ್ರೆಯಲ್ಲಿ ಅವನನ್ನು ಬೈದುಕೊಂಡದ್ದೆಲ್ಲ ತನ್ನ ತಪ್ಪನ್ನು ತಾನೇ ನೋಡಲಾರದೆ ಎಂದು ಅವಳಿಗೆ ಈಗ ಗೊತ್ತಿತ್ತು. ಇಬ್ಬರೂ ಒಂದು ಮಾತು ಆಡಿದ್ದರೆ ಸಾಕಿತ್ತು. ಒಬ್ಬರೂ ಆಡಲಿಲ್ಲ.

"ಯಾವಾಗಿಂದ ನಾನು ಇಷ್ಟ ಆದೆ?" ಎಂದು ಕೇಳಿದಳು.

"ನೂರ ನಾಲ್ಕರಿಂದ."

ಅವಳು ನಕ್ಕಳು. ನಗಲೂ ಶಕ್ತಿ ಬೇಕು, ಅರ್ಧಕ್ಕೇ ನಿಂತಿತು. "ನನ್ನ ಮದ್ವೆ ಆಗ್ತಿದ್ರಾ? ನಮ್ಮ ಜನ ಬೇರೆ, ನಿಮ್ಮ ಜನ ಬೇರೆ..."

"ಇವತ್ತೇ ಆಗ್ತೀನಿ."

"ಎಷ್ಟು ದಿನಕ್ಕೆ?"

ಅವನು ಅವಳ ಕೈ ಹಿಡಿದುಕೊಂಡು ಹಾಗೇ ಕೂತ.

ಹೊರಗೆ ಎಳೆ ಬಿಸಿಲು ಬಿದ್ದಿತ್ತು.

"ಒಸಿ ಬಿಸಿಲಿಗೆ ಓಗ್ಬೇಕು ಅನ್ನಿಸ್ತದೆ. ನಡೆಯೋಕಾಗಲ್ಲ," ಎಂದಳು.

ಪೆರುಮಾಳ್ ಬಗ್ಗಿ, ಎರಡೂ ಕೈ ಚಾಚಿ ಅವಳನ್ನು ಎತ್ತಿಕೊಂಡ. ಹತ್ತು ವರ್ಷ ಮೂಟೆಗಳನ್ನು ಎತ್ತಿ ನೋಡಿಯೇ ತೂಕ ಹೇಳುತ್ತಿದ್ದ ಅವನಿಗೆ, ಆ ಕ್ಷಣವೇ ಎಲ್ಲ ತಿಳಿದುಹೋಯಿತು. ಡಾಕ್ಟರು ಹೇಳಬೇಕಾದ್ದು ಇನ್ನೇನೂ ಉಳಿಯಲಿಲ್ಲ. ಅಂಗಳಕ್ಕೆ ಬಂದು ನಿಂತ. ಕೊಟ್ಟಿಗೆಯ ಹತ್ತಿರ ಅಶ್ವತ್ಥಪ್ಪ ಅವರ ಕಡೆ ನೋಡದೆ ಹುಲ್ಲು ಹರಡುತ್ತಿದ್ದ.

ಅವಳು ಅವನ ಕೊರಳಿಗೆ ಕೈ ಹಾಕಿ, ಕಿವಿಯ ಹತ್ತಿರ ಪಿಸುಗುಟ್ಟಿದಳು.

"ಬಾರ ಇದೀನಾ?"

"ಇಲ್ಲ."

"ಸುಳ್ಳು ಏಳ್ಬೇಡ ಪೆರುಮಾಳೂ..."

"ಸುಳ್ಳಲ್ಲ ರತ್ನಾ." ಅವಳನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ. "ಬಾರಾನೇ ಇಲ್ಲ ನೀನು."

"ಅಂಗಾದ್ರೆ ಇಳಿಸ್ಬೇಡ," ಎಂದು ಅವಳು ಅವನ ಹೆಗಲಿಗೆ ತಲೆ ಇಟ್ಟಳು. "ಇನ್ನೊಸಿ ಒತ್ತು..."